ಮುಂಡರಗಿಯ ಬಂಡಾಯ ಮತ್ತು ಬಂದೂಕಿನ ಪರವಾನಗಿ

1857ರ ಸೆಪ್ಟೆಂಬರಿನಲ್ಲಿ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣದ ಕಾಯಿದೆ ತಂದಿತು. ಉತ್ತರದಲ್ಲಿ ಸಿಪಾಯಿಗಳು ತಿರುಗಿಬಿದ್ದ ಕಾಲ ಅದು; ನಮ್ಮ ಕಡೆಯ ಹಳ್ಳಿಗಳ ಕತ್ತಿ, ತುಪಾಕಿಗಳ ಮೇಲೂ ಸರ್ಕಾರದ ಕಣ್ಣು ಬಿತ್ತು. ಮುಧೋಳ ಸೀಮೆಯ ಹಲಗಲಿಯ ಬೇಡರು ಹುಕುಮಿಗೆ ಮಣಿಯಲಿಲ್ಲ. ಬೇಟೆಯನ್ನೇ ನಂಬಿದವರಿಗೆ ಆಯುಧ ಕೊಡುವುದೆಂದರೆ ಅನ್ನವನ್ನೂ ಮಾನವನ್ನೂ ಒಪ್ಪಿಸಿದ ಹಾಗೆ. ನವೆಂಬರಿನ ಕೊನೆಗೆ ದಂಡು ಊರಿಗೆ ಬೆಂಕಿ ಹಚ್ಚಿತು. ಡಿಸೆಂಬರಿನಲ್ಲಿ ಸೆರೆಸಿಕ್ಕವರಿಗೆ ಗಲ್ಲಾಯಿತು. ಆ ಕಥೆಯನ್ನು ಉಳಿಸಿದ ಲಾವಣಿಯಲ್ಲಿ ಸ್ಮರಿಸಲಾದ ಕುರ್ತಕೋಟಿ ಕಲ್ಮೇಶ ನಮ್ಮ ಗದಗ ತಾಲ್ಲೂಕಿನ ದೇವರು.

ಮರುವರ್ಷ ಮೇ ತಿಂಗಳಲ್ಲಿ ಮುಂಡರಗಿ ಭೀಮರಾಯ ಎದ್ದ. ಹಮ್ಮಿಗಿಯ ಕೆಂಚನಗೌಡನ ಮನೆಯಲ್ಲಿ ಕೂಡಿಟ್ಟಿದ್ದ ಆಯುಧಗಳ ಸುಳಿವು ಅಧಿಕಾರಿಗಳಿಗೆ ಸಿಕ್ಕಿದ್ದೇ ಬಂಡಾಯ ಭುಗಿಲೇಳಲು ನೆಪವಾಯಿತು. ಡಂಬಳದ ಖಜಾನೆ ಲೂಟಿಯಾಯಿತು, ಕೊಪ್ಪಳದ ಕೋಟೆ ಬಂಡುಕೋರರ ಕೈಸೇರಿತು. ಜೂನ್ 1ರಂದು ಅದೇ ಕೋಟೆಯಲ್ಲಿ ಭೀಮರಾಯನೂ ಕೆಂಚನಗೌಡನೂ ಮಡಿದರು.

ಇವರ ಹೆಸರು ಹೇಳಿ ಇಂದು ಮನೆಮನೆಗೂ ಬಂದೂಕು ಬೇಕೆಂದು ವಾದಿಸುವುದು ತಪ್ಪೆಂದೇ ನನ್ನ ನಂಬಿಕೆ. ಅವರ ಸಿಟ್ಟು ಕಾಯಿದೆಯೊಂದು ಇದೆಯೆಂಬುದಕ್ಕಲ್ಲ, ಅದು ಆಳುವವರನ್ನು ಬಿಟ್ಟು ಆಳಿಸಿಕೊಳ್ಳುವವರನ್ನಷ್ಟೇ ಹಿಡಿದದ್ದಕ್ಕೆ. 1878ರ ಶಸ್ತ್ರಾಸ್ತ್ರ ಕಾಯಿದೆಯಲ್ಲಿ ಈ ಭೇದ ಬಯಲಾಯಿತು: ಭಾರತೀಯರಿಗೆ ಲೈಸೆನ್ಸು, ಯುರೋಪಿಯನ್ನರಿಗೆ ವಿನಾಯಿತಿ. ಆ ಅವಮಾನ ಎಷ್ಟು ಆಳಕ್ಕಿಳಿದಿತ್ತೆಂದರೆ, 1931ರ ಕರಾಚಿ ಕಾಂಗ್ರೆಸ್ಸು ನಿಯಮಕ್ಕೊಳಪಟ್ಟು ಆಯುಧ ಹೊಂದುವುದನ್ನು ಮೂಲಭೂತ ಹಕ್ಕುಗಳ ಸಾಲಿಗೇ ಸೇರಿಸಿತು.

ಸ್ವಾತಂತ್ರ್ಯ ಬಂದ ಮೇಲೆ ಮಾತು ಬದಲಾಯಿತು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಮಂಗಳೂರು ಮೂಲದ ಎಚ್.ವಿ. ಕಾಮತ್ ಆ ಹಕ್ಕನ್ನು ಬರೆಯಿಸಲು ತಿದ್ದುಪಡಿ ಮಂಡಿಸಿದರು. ಅಂಬೇಡ್ಕರ್ ಒಪ್ಪಲಿಲ್ಲ, ಅದು ಅಪರಾಧವನ್ನೇ ಕಸುಬಾಗಿಸಿಕೊಂಡವರಿಗೂ ದಕ್ಕೀತೆಂಬುದು ಅವರ ಆತಂಕ. ಅಮೆರಿಕಾ 1791ರಲ್ಲೇ ಎರಡನೆಯ ತಿದ್ದುಪಡಿಯಿಂದ ಅದನ್ನು ಹಕ್ಕಾಗಿಸಿಕೊಂಡು ಇಂದಿಗೂ ಅದರ ವ್ಯಾಪ್ತಿಯ ಬಗ್ಗೆ ಕಿತ್ತಾಡುತ್ತಿದೆ. ನಮ್ಮ ಸಂವಿಧಾನದ 19ನೇ ವಿಧಿ ಶಾಂತಿಯಿಂದ, ಆಯುಧವಿಲ್ಲದೆ ಸಭೆ ಸೇರುವ ಸ್ವಾತಂತ್ರ್ಯವನ್ನಷ್ಟೇ ಕೊಟ್ಟಿದೆ. ಅಂಬೇಡ್ಕರರ ಎಚ್ಚರವೇ ಸರಿ.

ವಿನಾಯಿತಿ ಪೂರ್ತಿ ಹೋಗಿಲ್ಲ. ಕೊಡಗಿನಲ್ಲಿ ಕೊಡವರೂ ಜಮ್ಮಾ ಹಿಡುವಳಿದಾರರೂ ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಳ್ಳಬಹುದು. ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿರುವ ಈ ಪದ್ಧತಿಯನ್ನು ಹೈಕೋರ್ಟು 2021ರಲ್ಲಿ ಎತ್ತಿಹಿಡಿಯಿತು.

ಇಂಥ ವಿನಾಯಿತಿಯಿಲ್ಲದ ನಮ್ಮ ಶಿರಹಟ್ಟಿ, ಲಕ್ಷ್ಮೇಶ್ವರ, ಗದಗ-ಬೆಟಗೇರಿಯವರಿಗೆ ಅನ್ವಯಿಸುವುದು 1959ರ ಶಸ್ತ್ರಾಸ್ತ್ರ ಕಾಯಿದೆ. ಲೈಸೆನ್ಸಿಗೆ ಪೊಲೀಸ್ ವರದಿ ಬೇಕು. 2019ರ ತಿದ್ದುಪಡಿಯ ನಂತರ ಒಬ್ಬರ ಬಳಿ ಸಾಮಾನ್ಯವಾಗಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ. ಚುನಾವಣೆ ಬಂದರೆ ಬಂದೂಕು ಠೇವಣಿ ಇಡುವ ಆದೇಶ ಬರುತ್ತದೆ. ಹೊಲ ಕಾಯುವ ರೈತ ಕಾಡುಹಂದಿಯ ಭಯವಿದ್ದಾಗಲೂ ಬಂದೂಕನ್ನು ಠಾಣೆಗೆ ಒಪ್ಪಿಸಬೇಕಾದೀತು. ಈ ತೊಂದರೆ ನಿಜ, ಬೆಳೆರಕ್ಷಣೆಯ ಲೈಸೆನ್ಸುಗಳನ್ನು ಬೇರೆಯಾಗಿಯೇ ಪರಿಶೀಲಿಸಬೇಕು. ಆದರೆ ಅದೇ ಕಾಯಿದೆಯ 14ನೇ ಕಲಮಿನಲ್ಲಿ 1878ರ ಧೋರಣೆಗೆ ತೀರಾ ವಿರುದ್ಧವಾದ ಮಾತೊಂದಿದೆ: ಅರ್ಜಿದಾರನಿಗೆ ಸಾಕಷ್ಟು ಆಸ್ತಿಯಿಲ್ಲ ಎಂಬ ಒಂದೇ ಕಾರಣಕ್ಕೆ ಪರವಾನಗಿ ನಿರಾಕರಿಸುವಂತಿಲ್ಲ.