ಅಗ್ಗದ ವಾಚು ಸಾಕಿದ ದುಬಾರಿ ಕಸುಬು

ಶಿರಾ ತಾಲ್ಲೂಕಿನ ತಾವರೆಕೆರೆಯಿಂದ ಹೆದ್ದಾರಿ ಹಿಡಿದು ಬೆಂಗಳೂರಿನ ಕಡೆ ಹೊರಟವರಿಗೆ ಬಹಳ ವರ್ಷಗಳ ಕಾಲ ತುಮಕೂರು ಎಂದರೆ ವಾಚ್ ಫ್ಯಾಕ್ಟರಿಯ ಊರು. 1978ರಲ್ಲಿ ಸರ್ಕಾರಿ ಕಂಪನಿ ಎಚ್‌ಎಂಟಿ ಅಲ್ಲಿ ತನ್ನ ಕೈಗಡಿಯಾರದ ಕಾರ್ಖಾನೆ ತೆರೆಯಿತು. ಮಧುಗಿರಿ, ಕೊರಟಗೆರೆ, ಪಾವಗಡದಂಥ ಮಳೆ ನಂಬಿದ ತಾಲ್ಲೂಕುಗಳ ಪಕ್ಕದಲ್ಲೇ, ಕಡಲೆಕಾಯಿಗೂ ರಾಗಿಗೂ ಹೆಸರಾದ ಜಿಲ್ಲೆಯಲ್ಲಿ, ಕೂದಲೆಳೆಯಷ್ಟು ತೆಳ್ಳಗಿನ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ಕೂರಿಸುವ ಕೆಲಸ ಶುರುವಾಯಿತು. ಅದಕ್ಕೆ ಎಂಟು ವರ್ಷ ಮೊದಲು, 1970ರಲ್ಲಿ, ಉತ್ತರ ಜಪಾನಿನ ಇವಾಟೆ ಪ್ರಾಂತ್ಯದ ಶಿಜುಕುಇಷಿ ಎಂಬ ಊರಿನಲ್ಲಿ ಸೀಕೊ ಕಂಪನಿ ಒಂದು ವಾಚ್ ಕಾರ್ಖಾನೆ ಕಟ್ಟಿತ್ತು. ಅದೂ ಬೇಸಾಯದ ಸೀಮೆ. ಚಳಿಗಾಲ ಬಂದರೆ ಹಿಮ ಮುಚ್ಚಿಕೊಳ್ಳುವ ಊರು. ಇವತ್ತು ಆ ಊರಿನ ಕುಶಲಕರ್ಮಿಗಳು ಜೋಡಿಸುವ ಗ್ರ್ಯಾಂಡ್ ಸೀಕೊ ವಾಚುಗಳು ನಮ್ಮಲ್ಲಿ ಲಕ್ಷಗಟ್ಟಲೆ ರೂಪಾಯಿಗೆ ಮಾರಾಟವಾಗುತ್ತವೆ. ತುಮಕೂರಿನ ಕಾರ್ಖಾನೆ ಬಾಗಿಲು ಹಾಕಿತು, ಅದರ ಜಾಗ ಇಸ್ರೊ ಪಾಲಾಯಿತು. ಎರಡೂ ಕಡೆ ಇದ್ದದ್ದು ಜಪಾನಿ ವಿದ್ಯೆಯೇ, ಎರಡೂ ಕಡೆ ಕೂತದ್ದು ಹಳ್ಳಿ ಸೀಮೆಯ ಕೈಗಳೇ. ಹಾಗಾದರೆ ವ್ಯತ್ಯಾಸ ಆದದ್ದೆಲ್ಲಿ? ಜಪಾನಿನ ದುಬಾರಿ ವಾಚಿನ ಕಸುಬನ್ನು ಉಳಿಸಿದ್ದು ಅಲ್ಲಿನ ಅಗ್ಗದ ವಾಚು ಎಂಬುದು ಈ ಲೇಖನದ ವಾದ. ಆ ಅಗ್ಗದ ವಾಚು ನಮ್ಮಲ್ಲೂ ಇತ್ತು. ಅದರಿಂದ ಮೇಲಕ್ಕೆ ಹತ್ತುವ ಮೆಟ್ಟಿಲನ್ನು ನಾವು ಕಟ್ಟಲಿಲ್ಲ.

ದುಬಾರಿ ಎನ್ನುವುದಕ್ಕೆ ಚಿನ್ನವೊಂದೇ ಕಾರಣವಲ್ಲ ಎಂಬುದನ್ನು ಮೊದಲು ನೋಡಬೇಕು. ಗ್ರ್ಯಾಂಡ್ ಸೀಕೊದ ಬಹುಪಾಲು ವಾಚುಗಳು ಉಕ್ಕಿನವು ಅಥವಾ ಟೈಟಾನಿಯಂನವು. ಕೀ ಕೊಡುವ ವಾಚಿನೊಳಗೆ ಸುರುಳಿ ಸುತ್ತಿದ ಮುಖ್ಯ ಸ್ಪ್ರಿಂಗ್ ಬಿಚ್ಚಿಕೊಳ್ಳುತ್ತಾ ಹಲ್ಲುಚಕ್ರಗಳನ್ನು ತಿರುಗಿಸುತ್ತದೆ. ಆ ಓಟಕ್ಕೆ ಲಗಾಮು ಹಾಕುವುದು ಅತ್ತಿತ್ತ ತೂಗುವ ಬ್ಯಾಲೆನ್ಸ್ ಚಕ್ರ. ನಮ್ಮ ಹಿರಿಯರ ಕೈಯಲ್ಲಿದ್ದ ಎಚ್‌ಎಂಟಿ ಜನತಾದಲ್ಲಿ ಇದು ಸೆಕೆಂಡಿಗೆ 5 ಸಲ ಬಡಿಯುತ್ತಿತ್ತು. ಸೀಕೊ 1968ರಲ್ಲಿ ಸೆಕೆಂಡಿಗೆ 10 ಬಡಿತದ ಗ್ರ್ಯಾಂಡ್ ಸೀಕೊ ತಂದಿತು. ಬಡಿತ ಹೆಚ್ಚಿದಷ್ಟೂ ಕೈ ಅಲುಗಾಟದಿಂದ ಆಗುವ ಏರುಪೇರು ಕಡಿಮೆ, ಆದರೆ ಭಾಗಗಳ ಸವೆತ ಹೆಚ್ಚು. ಅದನ್ನು ತಾಳಿಕೊಳ್ಳುವ ಲೋಹವೂ ಎಣ್ಣೆಯೂ ಬೇಕು. ದಿನಕ್ಕೆ 86,400 ಸೆಕೆಂಡು. ಅದರಲ್ಲಿ 5 ಸೆಕೆಂಡು ಮುಂದೆ ಅಥವಾ 3 ಸೆಕೆಂಡು ಹಿಂದೆ, ಅದಕ್ಕಿಂತ ಹೆಚ್ಚು ತಪ್ಪಬಾರದು ಎನ್ನುವುದು ಗ್ರ್ಯಾಂಡ್ ಸೀಕೊದ ಸಾಮಾನ್ಯ ಯಾಂತ್ರಿಕ ವಾಚುಗಳಿಗೆ ಇಟ್ಟ ಅಳತೆ. ಇದನ್ನು ಪರೀಕ್ಷಿಸಲು ಒಂದೊಂದು ಯಂತ್ರವನ್ನೂ 17 ದಿನ, ಆರು ಭಂಗಿಗಳಲ್ಲಿ, ಮೂರು ಉಷ್ಣಾಂಶಗಳಲ್ಲಿ ಇಟ್ಟು ನೋಡುತ್ತಾರೆ. ಇನ್ನು ಕೇಸಿನ ಹೊಳಪು. ತಿರುಗುವ ತಟ್ಟೆಗೆ ಲೋಹವನ್ನು ಬರಿಗೈಯಲ್ಲಿ ಒತ್ತಿ ಹಿಡಿದು, ಎದುರಿನ ಬಿಂಬ ಎಳ್ಳಷ್ಟೂ ಸೊಟ್ಟಗಾಗದಂಥ ಕನ್ನಡಿ ಮುಖ ತರುವ ಜರಾತ್ಸು ಎಂಬ ವಿಧಾನವಿದೆ. ಎಷ್ಟು ಒತ್ತಬೇಕು, ಯಾವ ಕೋನದಲ್ಲಿ ಹಿಡಿಯಬೇಕು ಎಂಬುದನ್ನು ಪುಸ್ತಕದಲ್ಲಿ ಬರೆದಿಟ್ಟು ಕಲಿಸಲಾಗದು. ವರ್ಷಾನುಗಟ್ಟಲೆ ಪಕ್ಕದಲ್ಲಿ ಕೂತೇ ಕಲಿಯಬೇಕು. ಗ್ರಾಹಕ ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ಈ ಕಲಿಕೆಗೆ ಸಲ್ಲುವುದು.

ಈ ಕಲಿಕೆ ಜಪಾನಿನಲ್ಲಿ ತಾನಾಗಿ ಹುಟ್ಟಿದ್ದೂ ಅಲ್ಲ. ಹಗಲನ್ನೂ ಇರುಳನ್ನೂ ಬೇರೆಬೇರೆಯಾಗಿ ಆರಾರು ಭಾಗ ಮಾಡಿ, ಋತುವಿಗೆ ತಕ್ಕಂತೆ ಗಂಟೆಯ ಉದ್ದವನ್ನೇ ಬದಲಿಸುತ್ತಿದ್ದ ದೇಶ ಅದು. 1873ರಲ್ಲಷ್ಟೇ ಪಶ್ಚಿಮದ ಪಂಚಾಂಗಕ್ಕೆ ಬದಲಾಯಿತು. 1881ರಲ್ಲಿ ಕಿಂತಾರೊ ಹತ್ತೋರಿ ಟೋಕಿಯೊದಲ್ಲಿ ಗಡಿಯಾರ ಮಾರುವ, ರಿಪೇರಿ ಮಾಡುವ ಅಂಗಡಿ ಇಟ್ಟ. 1892ರಲ್ಲಿ ಸೇಕೊಶಾ ಎಂಬ ಕಾರ್ಖಾನೆ ತೆರೆದು ಗೋಡೆ ಗಡಿಯಾರ ಮಾಡಿದ, 1895ರಲ್ಲಿ ಜೇಬುಗಡಿಯಾರ, 1913ರಲ್ಲಿ ಜಪಾನಿನ ಮೊದಲ ಕೈಗಡಿಯಾರ ‘ಲಾರೆಲ್’. 1923ರ ಮಹಾಭೂಕಂಪದಲ್ಲಿ ಕಾರ್ಖಾನೆ ಸುಟ್ಟುಹೋಯಿತು. ಮರುವರ್ಷವೇ ‘ಸೀಕೊ’ ಹೆಸರಿನ ವಾಚು ಬಂತು. ಇನ್ನೊಂದು ಮನೆತನ ಸಿಟಿಜನ್‌ನದು. 1918ರಲ್ಲಿ ಶುರುವಾದ ಒಂದು ಸಂಶೋಧನಾಲಯ 1924ರಲ್ಲಿ ಜೇಬುಗಡಿಯಾರ ಮಾಡಿದಾಗ, ಅದಕ್ಕೆ ‘ಸಿಟಿಜನ್’ ಎಂದು ಹೆಸರಿಟ್ಟವರು ಟೋಕಿಯೊ ನಗರದ ಮೇಯರ್ ಆಗಿದ್ದ ಗೊತೊ ಶಿಂಪೆಯಿ. ಜನಸಾಮಾನ್ಯರ ಕೈಗೆ ಎಟುಕುವ ವಾಚು ಆಗಲಿ ಎಂಬುದೇ ಆ ಹೆಸರಿನ ಆಶಯ. ಎರಡೂ ಕಂಪನಿಗಳು ಆರಂಭದಲ್ಲಿ ಹೊರದೇಶದ ಯಂತ್ರಗಳಿಂದ, ಮಾದರಿಗಳಿಂದ ಕಲಿತವೇ. ಎರವಲು ಪಡೆದ ವಿದ್ಯೆಯಲ್ಲಿ ನಿಲ್ಲದೆ ಮುಂದಕ್ಕೆ ಹೋಗಲು ಸೀಕೊ ಮಾಡಿದ ಉಪಾಯ ಗಮನಿಸಬೇಕಾದ್ದು. ತನ್ನದೇ ಎರಡು ಕಾರ್ಖಾನೆಗಳನ್ನು, ಸುವಾ ಮತ್ತು ದೈನಿ ಎಂಬವನ್ನು, ಅದು ಒಂದರ ಮೇಲೊಂದು ಪೈಪೋಟಿಗೆ ಬಿಟ್ಟಿತು. ಸುವಾದವರು 1960ರಲ್ಲಿ ಗ್ರ್ಯಾಂಡ್ ಸೀಕೊ ಮಾಡಿದರೆ, ದೈನಿಯವರು 1961ರಲ್ಲಿ ಕಿಂಗ್ ಸೀಕೊ ಮಾಡಿದರು. ಬಳಿಕ ಇಬ್ಬರೂ ಸ್ವಿಟ್ಜರ್ಲೆಂಡಿನ ವೀಕ್ಷಣಾಲಯಗಳು ನಡೆಸುತ್ತಿದ್ದ ನಿಖರತೆಯ ಸ್ಪರ್ಧೆಗೆ ಹೋಗಿ, ನಾಲ್ಕೈದು ವರ್ಷಗಳಲ್ಲಿ ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ಬಂದರು.

ಜಪಾನಿನ ಈ ವಿದ್ಯೆ ಕನ್ನಡ ನಾಡಿಗೆ ಬಂದದ್ದು ಇದೇ ಹೊತ್ತಿಗೆ, 1961ರಲ್ಲಿ. 1953ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಯಂತ್ರೋಪಕರಣ ಮಾಡುತ್ತಿದ್ದ ಎಚ್‌ಎಂಟಿ, ಸಿಟಿಜನ್ ಕಂಪನಿಯ ಸಹಯೋಗದಲ್ಲಿ ವಾಚ್ ಕಾರ್ಖಾನೆ ತೆರೆಯಿತು. ಮೊದಲ ವಾಚುಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರೂ. ಮುಂದೆ ಬೆಂಗಳೂರಿನಲ್ಲೇ ಇನ್ನೊಂದು, ಶ್ರೀನಗರ, ತುಮಕೂರು, ರಾಣಿಬಾಗ್ ಎಂದು ಕಾರ್ಖಾನೆಗಳು ಬೆಳೆದವು. ಜನತಾ, ಪೈಲಟ್, ಜವಾನ್, ಕೊಹಿನೂರ್, ಸೋನಾ, ಕಾಂಚನ್ ಎಂಬ ಹೆಸರುಗಳು ಮನೆಮಾತಾದವು. ಕಣ್ಣು ಕಾಣದವರು ಮುಟ್ಟಿ ಹೊತ್ತು ತಿಳಿಯುವ ಬ್ರೈಲ್ ವಾಚನ್ನೂ ಎಚ್‌ಎಂಟಿ ಮಾಡಿತು. ಒಟ್ಟು ಹತ್ತು ಕೋಟಿಗೂ ಮಿಕ್ಕ ವಾಚುಗಳು ಅದರ ಹೆಸರಿನಲ್ಲಿ ಹೊರಬಂದವು. ಇಷ್ಟು ಕೈಗಳು, ಇಷ್ಟು ವರ್ಷ, ಇಷ್ಟು ವಾಚು ಎಂದರೆ ಮೇಲ್ಮಟ್ಟದ ಕಸುಬಿಗೆ ಬೇಕಾದ ತಳಪಾಯ ಇಲ್ಲಿ ಬಿದ್ದಿತ್ತು. ಕೊಳ್ಳುವವರೂ ಇದ್ದರು. ಚಿನ್ನದ ಬಣ್ಣದ ಕಾಂಚನ್‌ಗೆ ಮದುವೆ ಕಾಲದಲ್ಲಿ ಎಂಥ ಬೇಡಿಕೆ ಇತ್ತೆಂದರೆ, ಅಳಿಯನಿಗೆ ಅದನ್ನೇ ಕೊಡಿಸಬೇಕೆಂದು ನಿಗದಿ ಬೆಲೆಗಿಂತ ಹೆಚ್ಚು ತೆತ್ತು ಕೊಂಡವರು ಕಡಿಮೆಯಿಲ್ಲ. ಒಳ್ಳೆಯ ವಾಚಿಗೆ ಜನ ನಾಲ್ಕು ಕಾಸು ಹೆಚ್ಚು ಕೊಡುತ್ತಾರೆ ಎಂಬುದಕ್ಕೆ ಮಾರುಕಟ್ಟೆಯೇ ಕೊಟ್ಟ ಸಾಕ್ಷಿ ಅದು. ಆದರೆ ಮಾಡಿದ್ದೆಲ್ಲ ಮಾರಾಟವಾಗುವ ಕಾಲದಲ್ಲಿ, ಮಾರುಕಟ್ಟೆಯ ಬಹುಪಾಲು ತನ್ನದೇ ಆಗಿದ್ದಾಗ, ಇನ್ನೂ ನಿಖರವಾಗಿ ಮಾಡಬೇಕೆಂಬ ಒತ್ತಡ ಬರುವುದಾದರೂ ಎಲ್ಲಿಂದ? ಎಷ್ಟು ಮಾಡಿದಿರಿ ಎಂಬ ಲೆಕ್ಕವೇ ಮುಂದಾಯಿತು. ಕಾಂಚನ್‌ಗಿಂತ ಮೇಲಿನ ಮೆಟ್ಟಿಲು ಏಳಲಿಲ್ಲ.

ಅಷ್ಟರಲ್ಲಿ ಕ್ವಾರ್ಟ್ಜ್ ಬಂತು. 1969ರ ಡಿಸೆಂಬರ್ 25ರಂದು ಸೀಕೊ ಬಿಡುಗಡೆ ಮಾಡಿದ ಆಸ್ಟ್ರಾನ್ ಜಗತ್ತಿನ ಮೊದಲ ಕ್ವಾರ್ಟ್ಜ್ ಕೈಗಡಿಯಾರ. ಬೆಲೆ 4,50,000 ಯೆನ್, ಆ ಕಾಲದ ಒಂದು ಸಣ್ಣ ಕಾರಿನಷ್ಟು. ಸೆಲ್ಲಿನ ವಿದ್ಯುತ್ತಿಗೆ ಕಂಪಿಸುವ ಸ್ಫಟಿಕದ ಚೂರೇ ಇಲ್ಲಿ ಬ್ಯಾಲೆನ್ಸ್ ಚಕ್ರದ ಕೆಲಸ ಮಾಡುತ್ತದೆ. ಈಗಿನ ಸಾಮಾನ್ಯ ಕ್ವಾರ್ಟ್ಜ್ ವಾಚಿನಲ್ಲಿ ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಯಂತ್ರದ ವಾಚು ದಿನಕ್ಕೆ ತಪ್ಪುವಷ್ಟನ್ನು ಆಸ್ಟ್ರಾನ್ ತಿಂಗಳಿಗೆ ತಪ್ಪುತ್ತಿತ್ತು. ಬೆಲೆ ಇಳಿದ ಮೇಲೆ ಅದು ಸ್ವಿಟ್ಜರ್ಲೆಂಡಿನ ಎಷ್ಟೋ ಕಾರ್ಖಾನೆಗಳನ್ನು ಮುಚ್ಚಿಸಿತು. ತನ್ನ ಮನೆಯ ಕಸುಬನ್ನೂ ಅದು ಬಿಡಲಿಲ್ಲ: 1970ರ ದಶಕದ ನಡುವೆ ಗ್ರ್ಯಾಂಡ್ ಸೀಕೊ ತಯಾರಿಕೆಯೇ ನಿಂತಿತು. 1988ರಲ್ಲಿ ಆ ಹೆಸರು ಮರಳಿದ್ದು ಕ್ವಾರ್ಟ್ಜ್ ವಾಚಿನ ಮೇಲೆ. ಕೀ ಕೊಡುವ, ಕೈಚಲನೆಯಿಂದ ಓಡುವ ಗ್ರ್ಯಾಂಡ್ ಸೀಕೊ ಮತ್ತೆ ಹುಟ್ಟಿದ್ದು 1998ರಲ್ಲಿ. ನೂರು ವರ್ಷದ ಅಖಂಡ ಪರಂಪರೆ ಎಂದು ಜಾಹೀರಾತಿನವರು ಹೇಳುವ ಕಥೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೀರಿದ ಕಂದರವಿದೆ. ಆ ಕಂದರ ದಾಟಿಸಿದ್ದು ಯಾವುದು? ‘ಸೀಕೊ 5’ ಎಂಬ ಅಗ್ಗದ ಆಟೊಮ್ಯಾಟಿಕ್ ವಾಚು. 1963ರಲ್ಲಿ ಶುರುವಾದ ಈ ಮಾದರಿ, ಸೆಲ್ಲು ಬದಲಿಸುವ ಗೋಜಿಲ್ಲದ ಗಟ್ಟಿ ವಾಚು ಬೇಕೆನ್ನುವ ಏಷ್ಯಾದ ಸಾಮಾನ್ಯ ಗಿರಾಕಿಗಾಗಿ, ಕ್ವಾರ್ಟ್ಜ್ ಅಲೆಯ ನಡುವೆಯೂ ತಯಾರಾಗುತ್ತಲೇ ಇತ್ತು. ಹಲ್ಲುಚಕ್ರ ಕೊರೆಯುವ ಮಷೀನು, ಬ್ಯಾಲೆನ್ಸ್ ಚಕ್ರದ ಹೇರ್‌ಸ್ಪ್ರಿಂಗಿನ ಮಿಶ್ರಲೋಹ ಎಳೆಯುವ ವಿದ್ಯೆ, ಜೋಡಿಸುವ ಕೈ, ಯಾವುದೂ ಮನೆ ಬಿಟ್ಟು ಹೋಗಲಿಲ್ಲ. 1998ರಲ್ಲಿ ಮೇಲ್ಮಟ್ಟದ ವಾಚು ಮತ್ತೆ ಬೇಕೆಂದಾಗ ಸೊನ್ನೆಯಿಂದ ಶುರುಮಾಡುವ ಸ್ಥಿತಿ ಬರಲಿಲ್ಲ. ಗದ್ದೆಗೆ ನೀರು ಬಾರದ ವರ್ಷವೂ ಬಿತ್ತನೆ ಕಾಳನ್ನು ಉಣ್ಣದೆ ಇಟ್ಟುಕೊಳ್ಳುವ ರೈತನ ಜಾಣತನ ಅದು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಸೀಕೊ ಶ್ರೀಮಂತ ಕಂಪನಿ, ಕ್ವಾರ್ಟ್ಜಿನಿಂದಲೂ ಪ್ರಿಂಟರಿನಿಂದಲೂ ಗಳಿಸಿತು, ಹಾಗಾಗಿ ಕಸುಬನ್ನು ಸಾಕಿಕೊಂಡಿತು; ಸರ್ಕಾರಿ ಎಚ್‌ಎಂಟಿಗೆ ಆ ಅನುಕೂಲ ಎಲ್ಲಿತ್ತು ಎಂದು. ಮಾತಿನಲ್ಲಿ ಹುರುಳಿದೆ. ಸುವಾ ಕಾರ್ಖಾನೆ ಮುಂದೆ ಸೀಕೊ ಎಪ್ಸನ್ ಆಗಿ ಪ್ರಿಂಟರಿಗೆ ಹೆಸರಾದದ್ದು ನಿಜ. ಆದರೆ ಎಚ್‌ಎಂಟಿಯ ಬಳಿಯೂ ವಾಚೊಂದೇ ಇರಲಿಲ್ಲ. ಯಂತ್ರೋಪಕರಣ, ಟ್ರ್ಯಾಕ್ಟರ್, ಬೇರಿಂಗ್ ಎಲ್ಲ ಇದ್ದವು. ವಾಚು ಮಾರಿ ನಾಲ್ಕು ಕಾಸು ಉಳಿಸುವ ಕಾಲವೂ ಇತ್ತು. ಕೈತಪ್ಪಿದ್ದು ಹೊತ್ತಿನ ಅಂದಾಜು. ಜಗತ್ತು ಸೆಲ್ ವಾಚಿನ ಕಡೆ ತಿರುಗಿದ್ದ 1978ರಲ್ಲಿ ತುಮಕೂರನ್ನೂ, ಆಮೇಲೆ ರಾಣಿಬಾಗನ್ನೂ ಕೀ ಕೊಡುವ ವಾಚಿನ ಸಂಖ್ಯೆ ಹೆಚ್ಚಿಸಲು ಕಟ್ಟಲಾಯಿತು. ಮುಂದೆ ತುಮಕೂರಿನ ಒಂದಷ್ಟು ಭಾಗವನ್ನು ಸಿಟಿಜನ್ ನೆರವಿನಿಂದಲೇ ಕ್ವಾರ್ಟ್ಜಿಗೆ ಬದಲಿಸಿದರೂ, ಅಷ್ಟು ಹೊತ್ತಿಗೆ ಪಕ್ಕದ ಹೊಸೂರಿನಲ್ಲಿ ಟೈಟಾನ್ ಎದ್ದು ನಿಂತಿತ್ತು. ಟಾಟಾ ಮತ್ತು ತಮಿಳುನಾಡು ಸರ್ಕಾರದ ಸಂಸ್ಥೆ ಸೇರಿ 1984ರಲ್ಲಿ ಸ್ಥಾಪಿಸಿದ ಆ ಕಂಪನಿ ಮೊದಲ ದಿನದಿಂದ ಕ್ವಾರ್ಟ್ಜನ್ನೇ ನಂಬಿತು, ಡಯಲಿನ ಅಂದಕ್ಕೆ ಬೆಲೆ ಕಟ್ಟಿತು, ಎಚ್‌ಎಂಟಿಯಲ್ಲಿ ಪಳಗಿದ ಕೆಲವರನ್ನೂ ಕರೆದುಕೊಂಡಿತು. 2002ರಲ್ಲಿ ಅಲ್ಲಿ ತಯಾರಾದ ‘ಎಡ್ಜ್’ ವಾಚಿನ ದಪ್ಪ ಕೇವಲ 3.5 ಮಿಲಿಮೀಟರ್. ಇಲ್ಲಿನ ಕೈಗೆ ಸೂಕ್ಷ್ಮ ಕೆಲಸ ಒಗ್ಗದು ಎನ್ನುವವರಿಗೆ ಹೊಸೂರೇ ಉತ್ತರ. ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ವಿಚಿತ್ರವೆಂದರೆ, ಮುಚ್ಚುವ ಸುದ್ದಿ 2014ರಲ್ಲಿ ಹರಡಿದ ಕೂಡಲೇ ಹಳೆಯ ಎಚ್‌ಎಂಟಿಗಳಿಗೆ ಜನ ಮುಗಿಬಿದ್ದರು. ಜನತಾ, ಪೈಲಟ್‌ಗಳನ್ನು ಹುಡುಕಿ ಕೊಳ್ಳುವ ಸಂಗ್ರಾಹಕರು ಇಂದಿಗೂ ಇದ್ದಾರೆ. ಕೀ ಕೊಡುವ ವಾಚಿಗೆ ಕಾಲ ಮುಗಿದಿತ್ತು ಎಂಬ ಮಾತನ್ನು ಇದು ಪೂರ್ತಿ ಒಪ್ಪಗೊಡುವುದಿಲ್ಲ.

ಇನ್ನೊಂದು ಆಕ್ಷೇಪ ಇನ್ನೂ ನೇರವಾದದ್ದು. ಮೊಬೈಲಿನಲ್ಲಿ ಸರಿಯಾದ ಟೈಮು ಪುಕ್ಕಟೆ ಸಿಗುವಾಗ ಲಕ್ಷ ಕೊಟ್ಟು ವಾಚು ಕಟ್ಟುವುದು ಶ್ರೀಮಂತರ ಶೋಕಿ. ಬರಗಾಲದ ತಾಲ್ಲೂಕುಗಳಿಗೆ ಅದರಿಂದ ಆಗಬೇಕಾದ್ದೇನು? ಹೊತ್ತು ನೋಡುವುದಕ್ಕೆ ಗ್ರ್ಯಾಂಡ್ ಸೀಕೊ ಬೇಕಿಲ್ಲ ಎಂಬುದನ್ನು ಒಪ್ಪೋಣ. ಕೊಳ್ಳುವವನ ಕಡೆಯಿಂದ ನೋಡಿದರೆ ಅದು ಶೋಕಿಯೇ. ಮಾಡುವವನ ಕಡೆಯಿಂದ ನೋಡಿದರೆ ಚಿತ್ರ ಬೇರೆ. ಒಂದು ಅಗ್ಗದ ವಾಚಿನಲ್ಲಿ ಕೂಲಿಯ ಪಾಲು ಚಿಲ್ಲರೆ; ಮಷೀನು ಬಂದರೆ ಅದೂ ಇಲ್ಲ. ದುಬಾರಿ ವಾಚಿನಲ್ಲಿ ಬೆಲೆ ಬರುವುದೇ ಕೈಯಿಂದ. 2020ರಲ್ಲಿ ಶಿಜುಕುಇಷಿಯಲ್ಲಿ ವಾಸ್ತುಶಿಲ್ಪಿ ಕೆಂಗೊ ಕುಮಾ ವಿನ್ಯಾಸದ ಮರದ ಕಾರ್ಯಾಗಾರ ತೆರೆದಾಗ, ನೋಡಲು ಬಂದವರಿಗೆ ತೋರಿಸಿದ್ದು ಬೆಂಚಿನ ಮುಂದೆ ಕೂತು ಕೆಲಸ ಮಾಡುವವರನ್ನೇ. ಟೋಕಿಯೊದಿಂದ ದೂರದ ಒಂದು ಊರಿನಲ್ಲಿ ಪರಿಣತಿಗೆ ಗೌರವದ ಸಂಬಳ ಸಿಗುತ್ತಿದೆ ಎಂದರೆ, ಶ್ರೀಮಂತನ ಶೋಕಿಯ ದುಡ್ಡು ಹಳ್ಳಿಸೀಮೆಗೆ ಹರಿದು ಬರುವ ಕಾಲುವೆ ಅಲ್ಲಿ ಇದೆ ಎಂದೇ ಅರ್ಥ. ಅಷ್ಟೇ ಅಲ್ಲ, ಮೇಲ್ಮಟ್ಟದ ಕಸುಬು ಹೊಸ ವಿದ್ಯೆಯನ್ನೂ ಹುಟ್ಟಿಸುತ್ತದೆ. ಸುವಾದ ಎಂಜಿನಿಯರ್ ಯೋಶಿಕಾಜು ಅಕಹಾನೆ 1977ರಲ್ಲಿ ಹಿಡಿದ ಒಂದು ಯೋಚನೆ 1999ರಲ್ಲಿ ‘ಸ್ಪ್ರಿಂಗ್ ಡ್ರೈವ್’ ಆಗಿ ಮಾರುಕಟ್ಟೆಗೆ ಬಂತು. ಸೆಲ್ಲಿಲ್ಲದೆ ಸ್ಪ್ರಿಂಗಿನ ಬಲದಿಂದಲೇ ಓಡುವ ವಾಚಿಗೆ ಸ್ಫಟಿಕವನ್ನು ಕಾವಲಿಟ್ಟು, ಕಾಂತದ ಬ್ರೇಕಿನಿಂದ ವೇಗ ಹಿಡಿಯುವ ಈ ಯಂತ್ರದ ತಪ್ಪು ದಿನಕ್ಕೆ ಒಂದು ಸೆಕೆಂಡಿನೊಳಗೆ. ಕೀ ವಾಚಿನ ಬೆಂಚೂ ಕ್ವಾರ್ಟ್ಜಿನ ಬೆಂಚೂ ಒಂದೇ ಮನೆಯಲ್ಲಿ ಉಳಿದಿದ್ದರಿಂದಲೇ ಇಪ್ಪತ್ತೆರಡು ವರ್ಷದ ಆ ಕೆಲಸ ಕೈಗೂಡಿತು. ಸಿಟಿಜನ್ ಕೂಡ 2019ರಲ್ಲಿ ವರ್ಷಕ್ಕೆ ಒಂದು ಸೆಕೆಂಡು ಮಾತ್ರ ತಪ್ಪುವ ಕ್ವಾರ್ಟ್ಜ್ ಯಂತ್ರ ತಂದಿತು. ಅದು ಬೆಂಗಳೂರಿಗೆ ಜನತಾದ ವಿದ್ಯೆ ಕಲಿಸಿದ ಅದೇ ಸಿಟಿಜನ್.

ಈ ಲೆಕ್ಕ ವಾಚಿಗಷ್ಟೇ ನಿಲ್ಲುವುದಿಲ್ಲ. ತುಮಕೂರು ಜಿಲ್ಲೆಗೆ ಸೂಕ್ಷ್ಮ ಕೆಲಸದ ಎರಡನೆಯ ಸರದಿ ಈಗ ಬಂದಿದೆ. ವಾಚ್ ಫ್ಯಾಕ್ಟರಿಯ ಜಾಗದಲ್ಲಿ ಇಸ್ರೊ ಇದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ವಸಂತನರಸಾಪುರದಲ್ಲಿ ಕೈಗಾರಿಕಾ ಪ್ರದೇಶ ಬೆಳೆಯುತ್ತಿದೆ. ಎಷ್ಟು ಎಕರೆ, ಎಷ್ಟು ಕೋಟಿ, ಎಷ್ಟು ಉದ್ಯೋಗ ಎಂಬ ಪ್ರಶ್ನೆಗಳನ್ನು ಎಲ್ಲರೂ ಕೇಳುತ್ತಾರೆ. ಸೀಕೊ ಮತ್ತು ಎಚ್‌ಎಂಟಿಯ ಕಥೆ ಬೇರೆ ಪ್ರಶ್ನೆಗಳನ್ನು ಕೇಳಲು ಕಲಿಸುತ್ತದೆ. ಐಟಿಐ ಮುಗಿಸಿ ಒಳಗೆ ಹೋದ ಮಧುಗಿರಿಯ ಹುಡುಗಿ ಹತ್ತು ವರ್ಷದ ಮೇಲೆ ಅದೇ ಕೆಲಸವನ್ನು ಅಷ್ಟೇ ನಿಖರವಾಗಿ ಮಾಡುತ್ತಿರುತ್ತಾಳೋ, ಇಲ್ಲ ಇನ್ನೂ ಸೂಕ್ಷ್ಮವಾದುದಕ್ಕೆ ಏರಿರುತ್ತಾಳೋ? ತಂತ್ರಜ್ಞಾನ ಬದಲಾದ ದಿನ ಅವಳ ಕೈಯನ್ನು ಉಳಿಸಿಕೊಳ್ಳುವ ಏರ್ಪಾಟು ಇದೆಯೋ? ಜಪಾನಿನವರು ಈ ಎರಡಕ್ಕೂ ಅಗ್ಗದ ವಾಚಿನ ಮೂಲಕ ಉತ್ತರ ಕಂಡುಕೊಂಡರು. ಹೊಸ ಕಾರ್ಖಾನೆಗಳ ಜೊತೆ ಒಪ್ಪಂದ ಮಾಡಿಕೊಳ್ಳುವಾಗ ಸರ್ಕಾರ ಜಮೀನು, ನೀರು, ವಿದ್ಯುತ್ತಿನ ಜೊತೆಗೆ ಇದನ್ನೂ ಬರೆಸಿಕೊಳ್ಳಬೇಕು: ಕಲಿಸುವ ಬೆಂಚು ಇಲ್ಲೇ ಇರಬೇಕು, ಕಲಿತವರಿಗೆ ಮುಂದಿನ ಮೆಟ್ಟಿಲು ಇರಬೇಕು. ವಾಚ್ ಫ್ಯಾಕ್ಟರಿ ಕಟ್ಟಿದಾಗ ನಾವು ಕೇಳದೆ ಬಿಟ್ಟ ಷರತ್ತು ಇದೇ.