ಓದು ಪ್ರಾರ್ಥನೆಯಾಗುವ ಬಗೆ

ಬೈಬಲನ್ನು ಓದಿ ಮುಗಿಸುವುದು ಬೇರೆ, ಓದುತ್ತ ಪ್ರಾರ್ಥಿಸುವುದು ಬೇರೆ. ಎರಡನೆಯದನ್ನು ಕ್ರೈಸ್ತ ಪರಂಪರೆ ‘ಲೆಕ್ಸಿಯೊ ದಿವೀನಾ’, ಅಂದರೆ ದೈವಿಕ ಪಠಣ, ಎಂದು ಕರೆದಿದೆ. 6ನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮಾವಳಿಯಲ್ಲಿ ಕೈದುಡಿಮೆಯ ಜೊತೆಗೆ ಇದಕ್ಕೂ ವೇಳೆ ಗೊತ್ತುಪಡಿಸಿದರು. 12ನೆಯ ಶತಮಾನದಲ್ಲಿ ಕಾರ್ಥೂಸಿಯನ್ ಮಠಾಧಿಪತಿ ಎರಡನೆಯ ಗೀಗೊ ಇದನ್ನು ನಾಲ್ಕು ಮೆಟ್ಟಿಲುಗಳ ಏಣಿಯಾಗಿ ನಿರೂಪಿಸಿದರು: ಪಠಣ, ಮನನ, ಪ್ರಾರ್ಥನೆ, ತಲ್ಲೀನತೆ. ಶ್ರವಣ, ಮನನ, ನಿದಿಧ್ಯಾಸನಗಳ ಮಾತು ಕೇಳಿ ಬೆಳೆದ ಕನ್ನಡಿಗರಿಗೆ ಈ ದಾರಿ ತೀರ ಅಪರಿಚಿತವೇನಲ್ಲ.

ಈ ಸಾಧನೆಗೆ ನಿಧಾನವೇ ಜೀವಾಳ. ಅಮೆರಿಕದಲ್ಲಿ ನೆಲೆಸಿದ ಮೇಲೆ ಆ ನಿಧಾನವನ್ನು ನನಗೆ ಕೊಟ್ಟದ್ದು ಕನ್ನಡ ಬೈಬಲು. ದಿನವಿಡೀ ಇಂಗ್ಲಿಷ್ ಓದುವ ಕಣ್ಣು ಆ ಭಾಷೆಯ ವಾಕ್ಯಗಳ ಮೇಲೆ ಜಾರಿಹೋಗುತ್ತದೆ. ಕನ್ನಡವನ್ನಾದರೋ ಉಚ್ಚರಿಸಿಯೇ ಓದುತ್ತೇನೆ. 23ನೆಯ ಕೀರ್ತನೆಯ ‘ಕುರುಬ’ ಎಂಬ ಪದದ ಬಳಿ ನಿಂತಾಗ, ಕಂಬಳಿ ಹೊದ್ದು ಬಯಲುಸೀಮೆಯಲ್ಲಿ ಮಂದೆ ಕಾಯುವವನು ಕಣ್ಣೆದುರು ಬರುತ್ತಾನೆ. ದೇವರು ನಮ್ಮೂರಿನವನಷ್ಟು ಹತ್ತಿರವಾಗುತ್ತಾನೆ. ಪ್ರಾರ್ಥನೆ ಅಲ್ಲಿಂದ ಮೊದಲಾಗುತ್ತದೆ.

ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಪ್ರಾರ್ಥಿಸುತ್ತಾರೆ. ದೇವರಿಗೆ ಅದೂ ಕೇಳಿಸುತ್ತದೆ. ಆದರೆ ಅಜ್ಜಿಯ ಪ್ರಾರ್ಥನೆ ಅವರಿಗೆ ಅರ್ಥವಾಗದೆ ಹೋದರೆ ನಷ್ಟ ಅವರದು. ಆದುದರಿಂದ ವಾರಕ್ಕೊಮ್ಮೆಯಾದರೂ ಮನೆಮಂದಿಯೆಲ್ಲ ಕುಳಿತು ನಾಲ್ಕು ವಚನಗಳನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ, ಮನಸ್ಸಿಗೆ ತಾಕಿದ ಒಂದು ಪದವನ್ನು ಒಬ್ಬೊಬ್ಬರೂ ಹೇಳಿ, ಕೆಲಹೊತ್ತು ಮೌನವಾಗಿರೋಣ.