ಎರಡನೇ ಹೆಸರು ಮೊದಲೇ ಹೇಳ್ರಿ ಅಂತಾನೆ ಮತದಾರ

ಮುಖ್ಯಮಂತ್ರಿ ಯಾರಾಗಬೇಕು ಎಂದು ಚುನಾವಣೆ ಬಂದಾಗಲೆಲ್ಲ ಮತದಾರನನ್ನು ಕೇಳುವವರು ಬೇಕಾದಷ್ಟು ಮಂದಿ. ಕೇಳಿಯಾದ ಮೇಲೆ ತಮಗೆ ಬೇಕಾದವರನ್ನು ಮಾಡಿಕೊಳ್ಳುತ್ತಾರೆ, ಆ ಮಾತು ಬೇರೆ. ಆದರೆ ಉಪಮುಖ್ಯಮಂತ್ರಿ ಯಾರಾಗಬೇಕೆಂದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಮತದಾರನನ್ನು ಕೇಳಲು ಯಾರೂ ಬರುವುದಿಲ್ಲ. ವೋಟು ಬಿದ್ದು, ಎಣಿಕೆ ಮುಗಿದು, ಬೆಂಗಳೂರಿನಲ್ಲೋ ದಿಲ್ಲಿಯಲ್ಲೋ ಬಾಗಿಲು ಹಾಕಿಕೊಂಡು ಮಾತು ಮುಗಿಸಿದ ಮೇಲೆ ಆ ಹೆಸರು ಹೊರಗೆ ಬೀಳುತ್ತದೆ. ಮತದಾರ ಅದನ್ನು ಪೇಪರಿನಲ್ಲಿ ಓದಿ ತಿಳಿದುಕೊಳ್ಳಬೇಕು.

ಇದೇ ಈ ಭಾಗದ ಮತದಾರನ ತಕರಾರು. "ಬಸ್ಸು ಹೊರಡಾಕ ಮುಂಚೆ ಸ್ಟೆಪ್ನಿ ಐತೋ ಇಲ್ಲೋ ನೋಡಬೇಕೋ ಬ್ಯಾಡೋ? ಪಂಕ್ಚರ್ ಆದ ಮ್ಯಾಲೆ ನೋಡಿದ್ರ ಏನು ಬಂತು?" ಎಂಬುದು ಅವನ ಲೆಕ್ಕ. ಕೂಡ್ಲಿಗಿಯಿಂದ ಕೊಟ್ಟೂರಿಗೆ, ಕೊಟ್ಟೂರಿನಿಂದ ಹರಪನಹಳ್ಳಿಗೆ ದಿನಾ ಓಡಾಡುವವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ಅಮೆರಿಕದವರ ಪದ್ಧತಿ ಟಿ.ವಿ.ಯಲ್ಲಿ ನೋಡಿದ ಮೇಲೆ ಈ ತಕರಾರಿಗೆ ಇನ್ನಷ್ಟು ಜೋರು ಬಂದಿದೆ. ಅಲ್ಲಿ ಅಧ್ಯಕ್ಷ ಪದವಿಗೆ ನಿಲ್ಲುವವರು ತಮ್ಮ ಜೋಡಿ ಯಾರೆಂದು ಚುನಾವಣೆಗೆ ಮೊದಲೇ ಸಾರಬೇಕು. 2024ರಲ್ಲಿ ಟ್ರಂಪ್ ಅವರು ಜೆ.ಡಿ. ವ್ಯಾನ್ಸ್ ಹೆಸರನ್ನು ಜುಲೈನಲ್ಲೇ ಹೇಳಿದರು, ಕಮಲಾ ಹ್ಯಾರಿಸ್ ಅವರು ಟಿಮ್ ವಾಲ್ಜ್ ಹೆಸರನ್ನು ಆಗಸ್ಟಿನಲ್ಲಿ ಹೇಳಿದರು. ವೋಟು ನಡೆದದ್ದು ನವೆಂಬರಿನಲ್ಲಿ. ಮತಪತ್ರದಲ್ಲಿ ಎರಡು ಹೆಸರೂ ಒಟ್ಟಿಗೆ ಇರುತ್ತವೆ, ವೋಟು ಮಾತ್ರ ಒಂದೇ. ಎರಡನೆಯವರು ಒಪ್ಪಿಗೆಯಾಗದಿದ್ದರೆ ಮೊದಲನೆಯವರನ್ನೂ ಬಿಡಬಹುದು, ಅಥವಾ ಹಲ್ಲು ಕಚ್ಚಿಕೊಂಡು ಇಬ್ಬರನ್ನೂ ಆರಿಸಬಹುದು. ಏನೇ ಮಾಡಿದರೂ ಕಣ್ಣು ತೆರೆದುಕೊಂಡು ಮಾಡಿದ್ದು ಅಂತಾಯಿತು.

ಅದರಿಂದ ಆಗುವ ಉಪಯೋಗವೇನು ಎಂದು ಕೇಳುವವರಿಗೆ 1945ರ ಕಥೆ ಸಾಕು. ರೂಸ್‌ವೆಲ್ಟ್ ನಾಲ್ಕನೇ ಸಲ ಗೆದ್ದಾಗ ಅವರ ಜೋಡಿಯಾಗಿ ಗೆದ್ದವರು ಹ್ಯಾರಿ ಟ್ರೂಮನ್. ಉಪಾಧ್ಯಕ್ಷರಾಗಿ 82 ದಿನ ಕಳೆಯುವಷ್ಟರಲ್ಲಿ ರೂಸ್‌ವೆಲ್ಟ್ ತೀರಿಕೊಂಡರು. ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಅಣುಬಾಂಬು ಹಾಕುವ ತೀರ್ಮಾನ ಬಿದ್ದದ್ದು ಈ ಎರಡನೇ ಮನುಷ್ಯನ ಕೈಗೆ.

ಅಷ್ಟು ದೂರ ಯಾಕೆ ಹೋಗಬೇಕು? ಜಮಖಂಡಿ ತಾಲೂಕು ಸಾವಳಗಿಯ ಬಿ.ಡಿ. ಜತ್ತಿಯವರು 1974ರಲ್ಲಿ ದೇಶದ ಉಪರಾಷ್ಟ್ರಪತಿಯಾದರು. 1977ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡಾಗ ಹಂಗಾಮಿ ರಾಷ್ಟ್ರಪತಿಯಾಗಿ ಜುಲೈ ತನಕ ಇದ್ದವರು ಇವರೇ. ಆ ನಡುವೆ ಇಂದಿರಾ ಗಾಂಧಿ ಸೋತು ಜನತಾ ಸರ್ಕಾರ ಬಂತು. ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸುವ ಕಾಗದ ಜತ್ತಿಯವರ ಮೇಜಿಗೆ ಬಂದಾಗ ಅವರು ಮೊದಲು ಹಿಂಜರಿದು ಆಮೇಲೆ ಸಹಿ ಮಾಡಿದರು. ದಿಲ್ಲಿಯೆಲ್ಲ ಅವರ ಪೆನ್ನಿನ ಕಡೆ ನೋಡುತ್ತಾ ಕೂತಿತ್ತು. ಉಪರಾಷ್ಟ್ರಪತಿಯನ್ನು ಆರಿಸುವವರು ಸಂಸತ್ತಿನ ಎರಡೂ ಸದನದವರು. ಮತದಾರನಿಗೆ ಅಲ್ಲಿ ನೇರ ವೋಟಿಲ್ಲ, ಇರಲಿ. ಆದರೆ ಉಪಸ್ಥಾನ ಎಂದರೆ ಹೂವಿನ ಹಾರ ಹಾಕಿಸಿಕೊಳ್ಳುವ ಸ್ಥಾನ ಅಂತ ಯಾರಾದರೂ ಹೇಳಿದರೆ ಈ ಕಡೆಯ ಹಳಬರು ಜತ್ತಿಯವರ ಹೆಸರು ಎತ್ತುತ್ತಾರೆ.

ಹಡಗಲಿಗೆ ಬಂದಿದ್ದ ಕುರ್ಚಿ

ಪಶ್ಚಿಮ ತಾಲೂಕುಗಳಿಗೆ ಈ ವಿಷಯ ಬರೀ ಕಟ್ಟೆಯ ಹರಟೆಯಲ್ಲ. ಆ ಎರಡನೇ ಕುರ್ಚಿ ಒಮ್ಮೆ ಇಲ್ಲಿಗೇ ಬಂದಿತ್ತು.

2004ರ ಮೇ ತಿಂಗಳಲ್ಲಿ ಕಾಂಗ್ರೆಸ್ಸೂ ಜೆಡಿಎಸ್ಸೂ ಸೇರಿ ಸರ್ಕಾರ ಮಾಡಿದವು. ಧರ್ಮಸಿಂಗ್ ಮುಖ್ಯಮಂತ್ರಿ, ಸಿದ್ದರಾಮಯ್ಯ ಉಪಮುಖ್ಯಮಂತ್ರಿ. 2005ರ ಆಗಸ್ಟಿನಲ್ಲಿ ಸಿದ್ದರಾಮಯ್ಯನವರನ್ನು ಕೆಳಗಿಳಿಸಿ ಆ ಜಾಗಕ್ಕೆ ಹೂವಿನಹಡಗಲಿ ಶಾಸಕ ಎಂ.ಪಿ. ಪ್ರಕಾಶ್ ಅವರನ್ನು ತಂದರು. ರಂಗಭಾರತಿ ಕಟ್ಟಿ ನಾಟಕ ಆಡಿಸಿದವರು, ಹಂಪಿ ಉತ್ಸವ ಎಂದಾಗ ಜನ ಇವತ್ತಿಗೂ ನೆನೆಯುವವರು, ವಿಧಾನಸಭೆಯಲ್ಲಿ ಎದ್ದು ನಿಂತರೆ ಎದುರು ಪಕ್ಷದವರೂ ಕಿವಿಗೊಡುತ್ತಿದ್ದವರು. ಧರ್ಮಸಿಂಗ್ ಜೇವರ್ಗಿಯವರು, ಪ್ರಕಾಶ್ ಹಡಗಲಿಯವರು. ಇಂದು ಕಲ್ಯಾಣ ಕರ್ನಾಟಕ ಎಂದು ಕರೆಯುವ ಸೀಮೆಗೇ ಮೊದಲನೇ ಕುರ್ಚಿ, ಎರಡನೇ ಕುರ್ಚಿ ಎರಡೂ ಒಟ್ಟಿಗೆ ಬಂದಿದ್ದ ಕಾಲ ಅದು.

ಎಷ್ಟು ದಿನ? ಆರು ತಿಂಗಳೂ ತುಂಬಲಿಲ್ಲ. 2006ರ ಜನವರಿ ಕೊನೆಗೆ ಸರ್ಕಾರ ಬಿತ್ತು. ಫೆಬ್ರವರಿ 3ಕ್ಕೆ ಕುಮಾರಸ್ವಾಮಿ ಮುಖ್ಯಮಂತ್ರಿ, ಯಡಿಯೂರಪ್ಪ ಉಪಮುಖ್ಯಮಂತ್ರಿ. ಪ್ರಕಾಶ್ ಅವರಿಗೆ ಗೃಹ ಖಾತೆ ಸಿಕ್ಕಿತು, ಉಪ ಎಂಬ ಹೆಸರು ಹೋಯಿತು.

ಈಗ ಪಟ್ಟಿ ನೋಡಬೇಕು. ವೀರಪ್ಪ ಮೊಯಿಲಿ ಕಾಲದಲ್ಲಿ ಎಸ್.ಎಂ. ಕೃಷ್ಣ, ದೇವೇಗೌಡರ ಕಾಲದಲ್ಲಿ ಜೆ.ಎಚ್. ಪಟೇಲ್, ಪಟೇಲರ ಕಾಲದಲ್ಲಿ ಸಿದ್ದರಾಮಯ್ಯ, ಆಮೇಲೆ ಪ್ರಕಾಶ್, ಆಮೇಲೆ ಯಡಿಯೂರಪ್ಪ. ರಾಜ್ಯದ ಮೊದಲ ಐದು ಉಪಮುಖ್ಯಮಂತ್ರಿಗಳು ಇವರು. ಪಟೇಲ್ 1996ರಲ್ಲಿ, ಕೃಷ್ಣ 1999ರಲ್ಲಿ, ಯಡಿಯೂರಪ್ಪ 2007ರಲ್ಲಿ, ಸಿದ್ದರಾಮಯ್ಯ 2013ರಲ್ಲಿ ಮುಖ್ಯಮಂತ್ರಿಗಳಾದರು. ಐವರಲ್ಲಿ ನಾಲ್ವರು ಮೇಲೆ ಹತ್ತಿದರು. ಹತ್ತದೆ ಉಳಿದವರು ಹಡಗಲಿಯವರೊಬ್ಬರೇ.

"ನೋಡ್ರಿ, ಎರಡನೇ ಕುರ್ಚಿ ಅಂದ್ರ ಮೊದಲನೇ ಕುರ್ಚಿಯ ಪಾವಟಿಗಿ. ಹಂಗಾದ್ರ ಅದಕ್ಕ ಯಾರನ್ನ ಕೂಡಸ್ತೀರಿ ಅಂತ ನಮ್ಮನ್ನ ಕೇಳಬಾರದಾ?" ಎಂದು ಮತದಾರ ಕೇಳುವುದು ಈ ಲೆಕ್ಕದ ಮೇಲೆ. ಸುಳ್ಳಂತೂ ಅಲ್ಲ.

ಪ್ರಕಾಶ್ ಅವರ ಮುಂದಿನ ದಿನಗಳೂ ಇಲ್ಲಿನವರಿಗೆ ಗೊತ್ತಿರುವುದೇ. 2008ರಲ್ಲಿ ಕ್ಷೇತ್ರಗಳ ಗಡಿ ಬದಲಾಗಿ ಹಡಗಲಿ ಮೀಸಲು ಕ್ಷೇತ್ರವಾಯಿತು, ಕೊಟ್ಟೂರು ಕ್ಷೇತ್ರವೇ ಇಲ್ಲದಂತಾಯಿತು. ಜೆಡಿಎಸ್ ಬಿಟ್ಟು ಕಾಂಗ್ರೆಸ್ ಸೇರಿದ್ದ ಅವರು ಹರಪನಹಳ್ಳಿಗೆ ಹೋಗಿ ನಿಂತು ಕರುಣಾಕರ ರೆಡ್ಡಿಯವರ ಎದುರು ಸೋತರು. 2011ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರಾದ ಮೇಲೆ ಈ ಸೀಮೆಯಿಂದ ಉಪಮುಖ್ಯಮಂತ್ರಿ ಪಟ್ಟಕ್ಕೆ ಹೆಸರು ಬಂದದ್ದಿಲ್ಲ.

ಹರಪನಹಳ್ಳಿಯವರದು ಇನ್ನೊಂದು ನೋವು. 1997ರಲ್ಲಿ ಅವರ ತಾಲೂಕನ್ನು ಬಳ್ಳಾರಿಯಿಂದ ಕಿತ್ತು ದಾವಣಗೆರೆಗೆ ಸೇರಿಸಿದರು. 2013ರಲ್ಲಿ 371(ಜೆ) ಬಂದಾಗ ಪಕ್ಕದ ಕೂಡ್ಲಿಗಿಯವರಿಗೂ ಹಡಗಲಿಯವರಿಗೂ ನೌಕರಿ, ಸೀಟಿನ ಮೀಸಲಾತಿ ಸಿಕ್ಕಿತು, ಹರಪನಹಳ್ಳಿಯ ಹುಡುಗರಿಗೆ ಸಿಗಲಿಲ್ಲ. ಬಳ್ಳಾರಿಗೆ ಮರಳುವ ತೀರ್ಮಾನಕ್ಕೆ 2018ರ ತನಕ ಕಾಯಬೇಕಾಯಿತು. ಅಂಥ ಹೊತ್ತಿನಲ್ಲಿ ಮೇಲಿನ ಎರಡು ಕುರ್ಚಿಯಲ್ಲಿ ಒಂದರಲ್ಲಾದರೂ ಈ ಕಡೆಯವರಿದ್ದರೆ ಇಷ್ಟು ವರ್ಷ ಬೇಕಾಗುತ್ತಿತ್ತೇ ಎಂದು ಅಲ್ಲಿ ಕೇಳುವವರಿದ್ದಾರೆ. ಬೇಕಾಗುತ್ತಿರಲಿಲ್ಲ ಎಂದು ಆಣೆ ಮಾಡಿ ಹೇಳುವುದು ಕಷ್ಟ. ಕುರ್ಚಿ ಇದ್ದಾಗಲೂ ಕೆಲಸ ಆಗದೆ ಉಳಿದ ಉದಾಹರಣೆ ಈ ನಾಡಿನಲ್ಲಿ ಕಡಿಮೆಯಿಲ್ಲ.

ಹೆಸರು ದೊಡ್ಡದು, ಕಾನೂನಿನಲ್ಲಿ ಇಲ್ಲ

ಎಲ್ಲ ಮತದಾರರೂ ಒಂದೇ ಮಾತಿನವರಲ್ಲ. "ಉಪ ಅಂದ್ರ ಉಪ್ಪಿಲ್ಲದ ಸಾರು. ಖಾತೆ ಯಾವುದು ಕೊಟ್ಟಾರ ಅಂತ ಕೇಳ್ರಿ ಮೊದಲು" ಎನ್ನುವವರೂ ಇದ್ದಾರೆ. ಅವರ ಕಡೆ ಕಾನೂನೂ ಇದೆ. ಸಂವಿಧಾನದಲ್ಲಿ ಮುಖ್ಯಮಂತ್ರಿ ಇದ್ದಾರೆ, ಮಂತ್ರಿಗಳಿದ್ದಾರೆ, ಉಪಮುಖ್ಯಮಂತ್ರಿ ಎಂಬ ಶಬ್ದವೇ ಇಲ್ಲ. 1989ರಲ್ಲಿ ದೇವಿಲಾಲ್ ಉಪಪ್ರಧಾನಿ ಎಂದೇ ಪ್ರಮಾಣ ತೆಗೆದುಕೊಂಡಾಗ ಅದನ್ನು ಸುಪ್ರೀಂ ಕೋರ್ಟಿಗೆ ಒಯ್ದರು. ಹೆಸರು ಏನೇ ಇರಲಿ, ಅವರು ಉಳಿದವರಂತೆ ಒಬ್ಬ ಮಂತ್ರಿ ಎಂದು ಕೋರ್ಟು ಹೇಳಿತು. 2024ರ ಫೆಬ್ರವರಿಯಲ್ಲಿ ಉಪಮುಖ್ಯಮಂತ್ರಿಗಳ ವಿಷಯಕ್ಕೂ ಅದೇ ಉತ್ತರ ಸಿಕ್ಕಿತು.

ಹಾಗಿದ್ದ ಮೇಲೆ ಈ ಹೆಸರು ಯಾಕೆ ಬೇಕು? ಸಮಾಧಾನಕ್ಕೆ. ಒಂದು ಜಾತಿಯವರಿಗೆ ಮೊದಲ ಕುರ್ಚಿ ಕೊಟ್ಟರೆ ಇನ್ನೊಂದು ಜಾತಿಯವರಿಗೆ ಎರಡನೆಯದು. ಎರಡು ಜಾತಿ ಮುನಿಸಿಕೊಂಡರೆ ಎರಡು ಉಪ. 2012ರಲ್ಲಿ ಜಗದೀಶ ಶೆಟ್ಟರ್ ಸಂಪುಟದಲ್ಲಿ ಅಶೋಕ್, ಈಶ್ವರಪ್ಪ ಎಂದು ಇಬ್ಬರು. 2019ರಲ್ಲಿ ಯಡಿಯೂರಪ್ಪನವರ ಸಂಪುಟದಲ್ಲಿ ಗೋವಿಂದ ಕಾರಜೋಳ, ಅಶ್ವತ್ಥನಾರಾಯಣ, ಲಕ್ಷ್ಮಣ ಸವದಿ ಎಂದು ಮೂವರು. ನೆರೆಯ ಆಂಧ್ರದಲ್ಲಿ ಅದೇ ವರ್ಷ ಜಗನ್ ಅವರು ಐವರನ್ನು ಮಾಡಿದರು. ಪಂಕ್ತಿಯಲ್ಲಿ ಎಲೆ ಹಾಕಿದಂತೆ ಹಾಕುತ್ತಾ ಹೋದರೆ ಬಡಿಸುವವರು ಯಾರು ಎಂದು ಜನ ನಕ್ಕಿದ್ದು ಸಹಜ.

ಮೂವರಲ್ಲಿ ಸವದಿಯವರ ವಿಷಯ ಮತದಾರನಿಗೆ ಇನ್ನೂ ನುಂಗಲಾಗದ ತುತ್ತು. 2018ರಲ್ಲಿ ಅಥಣಿಯಲ್ಲಿ ಅವರು ಸೋತಿದ್ದರು. ಮರುವರ್ಷ ಉಪಮುಖ್ಯಮಂತ್ರಿಯಾದರು. 2020ರಲ್ಲಿ ವಿಧಾನ ಪರಿಷತ್ತಿಗೆ ಆರಿಸಿ ಬಂದರು. ಕಾನೂನಿನ ಪ್ರಕಾರ ತಪ್ಪಿಲ್ಲ, ಆರು ತಿಂಗಳ ಅವಕಾಶ ಇದ್ದೇ ಇದೆ. ಆದರೆ ವೋಟಿನಲ್ಲಿ ಬೇಡ ಅಂದದ್ದನ್ನು ಬೆಂಗಳೂರಿನಲ್ಲಿ ಬೇಕು ಅಂದರೆ ವೋಟಿಗೆ ಬೆಲೆ ಏನು ಎಂದು ಕೇಳಿದರೆ, ಯಾವ ಪಕ್ಷದ ಕಾರ್ಯಕರ್ತನೂ ಚಹಾದ ಲೋಟದಿಂದ ತಲೆ ಎತ್ತುವುದಿಲ್ಲ.

ಕೃಷ್ಣ ಅವರಿಂದ ಹಿಡಿದು 2023ರ ಮೇ 20ರಂದು ಪ್ರಮಾಣ ತೆಗೆದುಕೊಂಡ ಡಿ.ಕೆ. ಶಿವಕುಮಾರ್ ತನಕ, ನಡುವೆ 2018ರ ಪರಮೇಶ್ವರ ಅವರನ್ನೂ ಸೇರಿಸಿ, ಎಣಿಸಿದರೆ ಹನ್ನೆರಡು ಮಂದಿ. ಅದರಲ್ಲಿ ಹೆಂಗಸರು ಎಷ್ಟು ಎಂದು ಕೇಳಿದರೆ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತವರಿಗೆ ನಗು ಬರುತ್ತದೆ. ಒಬ್ಬರೂ ಇಲ್ಲ. ಹಳ್ಳಿಯ ಪಂಚಾಯಿತಿಯಲ್ಲಿ ಅರ್ಧ ಜಾಗ ಹೆಂಗಸರಿಗೆ ಕೊಟ್ಟ ರಾಜ್ಯ ಇದು.

ಪಂಚಾಯಿತಿಯ ಮಾತು ಬಂತು ಎಂದಮೇಲೆ ಅಲ್ಲಿನ ಕಥೆಯೂ ಬೇರೆಯಲ್ಲ. ಊರವರು ಆರಿಸುವುದು ಸದಸ್ಯರನ್ನು. ಅಧ್ಯಕ್ಷ, ಉಪಾಧ್ಯಕ್ಷರನ್ನು ಆ ಸದಸ್ಯರು ಆರಿಸಿಕೊಳ್ಳುತ್ತಾರೆ, ಮೀಸಲಾತಿ ಪಟ್ಟಿ ಸರ್ಕಾರದಿಂದ ಬರುತ್ತದೆ. ಅಧ್ಯಕ್ಷರು ಇಲ್ಲದ ದಿನ ಸಭೆ ನಡೆಸುವವರು ಉಪಾಧ್ಯಕ್ಷರು. ಅವರು ಯಾರಾಗಬಹುದೆಂದು ವೋಟು ಹಾಕುವ ದಿನ ದೇವರಿಗೂ ಗೊತ್ತಿರುವುದಿಲ್ಲ. ಪುರಸಭೆಗಳದು ಇನ್ನೂ ಮೇಲು. 2018ರಲ್ಲಿ ರಾಜ್ಯದ ಎಷ್ಟೋ ಊರುಗಳಲ್ಲಿ ಗೆದ್ದ ಸದಸ್ಯರು ಮೀಸಲಾತಿ ವ್ಯಾಜ್ಯದಿಂದಾಗಿ 2020ರ ತನಕ ಅಧ್ಯಕ್ಷರೂ ಇಲ್ಲದೆ, ಉಪಾಧ್ಯಕ್ಷರೂ ಇಲ್ಲದೆ ಕಾಯ್ದರು. ಬೀದಿ ದೀಪ ಕೆಟ್ಟರೆ, ನಲ್ಲಿ ನಿಂತರೆ ಅಧಿಕಾರಿಯ ಬಾಗಿಲು ಕಾಯುವುದೇ ಗತಿ.

ಅಮೆರಿಕದ ಪದ್ಧತಿ ಇಲ್ಲಿಗೆ ಹಾಗೇ ತರಲು ಬರುವುದಿಲ್ಲ ಎಂಬುದು ಮತದಾರನಿಗೂ ಗೊತ್ತು. ಇಲ್ಲಿ ಶಾಸಕರನ್ನು ಆರಿಸಿದರೆ ಶಾಸಕರು ನಾಯಕನನ್ನು ಆರಿಸುತ್ತಾರೆ. ಯಾರಿಗೂ ಬಹುಮತ ಬಾರದೆ ಎರಡು ಪಕ್ಷ ಕೂಡಿಕೊಂಡಾಗ ಎರಡನೇ ಹೆಸರು ಮೊದಲೇ ಹೇಳುವುದು ಹೇಗೆ? ಮೈಲಾರದ ಕಾರ್ಣಿಕದಲ್ಲೂ ಅಷ್ಟು ಬಿಡಿಸಿ ಹೇಳುವುದಿಲ್ಲ. ಆದರೆ ಮೊದಲೇ ಕೂಡಿಕೊಂಡು ನಿಂತವರು ಹೇಳಬಹುದಲ್ಲ? 2024ರಲ್ಲಿ ಆಂಧ್ರದಲ್ಲಿ ಚಂದ್ರಬಾಬು ನಾಯ್ಡು, ಪವನ್ ಕಲ್ಯಾಣ್ ಒಂದೇ ವೇದಿಕೆಯಲ್ಲಿ ವೋಟು ಕೇಳಿದರು. ಗೆದ್ದ ಮೇಲೆ ಒಬ್ಬರು ಮುಖ್ಯಮಂತ್ರಿ, ಇನ್ನೊಬ್ಬರು ಉಪ. ರಾಯದುರ್ಗದ ಮತದಾರನಿಗೆ ಆ ಎರಡನೇ ಹೆಸರು ಹೊಸದೇನೂ ಆಗಿರಲಿಲ್ಲ.

ಮತದಾರ ಕೇಳುವುದು ಕಾನೂನು ತಿದ್ದುಪಡಿಯನ್ನಲ್ಲ, ಒಂದು ಕರಪತ್ರವನ್ನು. ಮನೆ ಮನೆಗೆ ಹಂಚುವ ಕಾಗದದಲ್ಲಿ ನಾಯಕನ ಫೋಟೋದ ಪಕ್ಕ ಎರಡನೆಯವರ ಫೋಟೋ ಹಾಕಿ, ಅವರಿಗೆ ಯಾವ ಖಾತೆ ಕೊಡುತ್ತೀರಿ, ಅವರು ಯಾವ ಸೀಮೆಯವರು ಎಂದು ಬರೆದರೆ ಸಾಕು ಅನ್ನುತ್ತಾನೆ. ಹಂಗ ಹೇಳಿದ್ರ ಪಕ್ಷದವರು ಎಲ್ಲ ಜಾತಿಯವರ ಫೋಟೋ ಹಾಕಿ ಐದು ಹೆಸರು ಬರೀತಾರ ನೋಡ್ರಿ ಎಂದು ಪಕ್ಕದವರು ಹೆದರಿಸಿದರೂ ಅವನು ಜಗ್ಗುವುದಿಲ್ಲ.

"ಬರೀಲಿ ಬಿಡ್ರಿ. ಐದೂ ಓದಾಕ ನಮಗ ಬರತೈತಿ."